ಮುಂಬಯಿಯಲ್ಲಿ ಹೊಸ ಕುಟುಂಬ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದು ಹೇಗೆ?

ಮುಂಬಯಿಯಲ್ಲಿ ವೈದ್ಯರಿಗೆ ಬರವಿಲ್ಲ. ಅಂಧೇರಿಯಿರಲಿ, ಡೊಂಬಿವಲಿಯಿರಲಿ, ಮೀರಾರೋಡಿರಲಿ, ರೈಲಿನಿಂದ ಇಳಿದು ಹೊರಗೆ ಕಾಲಿಟ್ಟರೆ ಔಷಧದ ಅಂಗಡಿಯ ಪಕ್ಕದಲ್ಲೋ ಹಳೆಯ ಕಟ್ಟಡದ ಕೆಳ ಅಂತಸ್ತಿನಲ್ಲೋ ಒಂದು ದವಾಖಾನೆಯ ಫಲಕ ಕಣ್ಣಿಗೆ ಬೀಳುತ್ತದೆ. ಆದರೂ ಮನೆ ಬದಲಾಯಿಸಿದವರು, ಊರಿನಿಂದ ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಂಡವರು, ಎರಡು ತಲೆಮಾರು ನೋಡಿಕೊಂಡ ಡಾಕ್ಟರು ದವಾಖಾನೆ ಮುಚ್ಚಿದ್ದರಿಂದ ದಿಕ್ಕು ತೋಚದಾದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ನಮ್ಮ ಮನೆಯವರನ್ನೆಲ್ಲ ಬಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಎತ್ತುವ ವೈದ್ಯರು ಇನ್ನು ಎಲ್ಲಿ ಸಿಗುತ್ತಾರೆ?

ಜ್ವರ ಬಂದ ರಾತ್ರಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರೆ ಸಿಕ್ಕವರೇ ಗತಿಯಾಗುತ್ತಾರೆ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ, ಸಾಧ್ಯವಾದರೆ ಮಳೆಗಾಲಕ್ಕೆ ಮೊದಲೇ, ಈ ಕೆಲಸವನ್ನು ಮುಗಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೇರಿಯಾ, ಡೆಂಗಿ, ಇಲಿ ಜ್ವರಗಳ ಕಾಲದಲ್ಲಿ ಒಂದೊಂದು ದವಾಖಾನೆಯ ಬೆಂಚೂ ತುಂಬಿರುತ್ತದೆ. ಹೊಸಬರ ಹಳೆಯ ಕಾಯಿಲೆಗಳ ಕತೆಯನ್ನು ಕೂತು ಕೇಳುವ ಪುರುಸೊತ್ತು ಆಗ ಯಾವ ವೈದ್ಯರಿಗೂ ಇರುವುದಿಲ್ಲ. ಜನವರಿಯಿಂದ ಮೇ ತಿಂಗಳೊಳಗಿನ ಒಂದು ವಾರದ ಮಧ್ಯದ ಬೆಳಗ್ಗೆ ಇದಕ್ಕೆ ಒಳ್ಳೆಯ ಸಮಯ.

ಮೊದಲು ತಿಳಿದಿರಬೇಕಾದದ್ದು

ಕೆಲವು ದೇಶಗಳಲ್ಲಿ ಪ್ರತಿಯೊಬ್ಬರೂ ಒಬ್ಬ ವೈದ್ಯರ ಬಳಿ ಹೆಸರು ನೋಂದಾಯಿಸಬೇಕು. ಪಟ್ಟಿ ತುಂಬಿದರೆ ಆ ವೈದ್ಯರು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಖಾಸಗಿ ದವಾಖಾನೆಗಳಿಗೆ ಅಂಥ ಪಟ್ಟಿಯಿಲ್ಲ. ಯಾರು ಹೋದರೂ ಕಂಪೌಂಡರ್ ಒಂದು ನಂಬರ್ ಕೊಡುತ್ತಾನೆ, ಸರದಿ ಬಂದಾಗ ಡಾಕ್ಟರು ನೋಡುತ್ತಾರೆ. ಹಾಗಾಗಿ ಹೊಸಬರಿಗೆ ಬಾಗಿಲು ಯಾವಾಗಲೂ ತೆರೆದಿದೆ ಎಂದು ಅನಿಸುವುದು ಸಹಜ. ಆದರೆ ಕುಟುಂಬ ವೈದ್ಯರಿಂದ ನಿಜವಾಗಿ ಬೇಕಾಗುವುದು ನಂಬರ್ ಅಲ್ಲ. ದವಾಖಾನೆ ಮುಚ್ಚಿದ ಮೇಲೆ ಫೋನಿನಲ್ಲಿ ಸಿಗುವುದು, ಹಾಸಿಗೆ ಹಿಡಿದವರನ್ನು ಮನೆಗೆ ಬಂದು ನೋಡುವುದು, ಅಗತ್ಯ ಬಿದ್ದಾಗ ತಮ್ಮ ಸಹಿ ಹಾಕಿ ಪ್ರಮಾಣಪತ್ರ ಕೊಡುವುದು, ಈ ಮೂರನ್ನು ಅನೇಕ ವೈದ್ಯರು ತಮ್ಮ ಹಳೆಯ ಮನೆತನಗಳಿಗೆ ಮಾತ್ರ ಮೀಸಲಿಟ್ಟಿರುತ್ತಾರೆ. ಹೊಸಬರಿಗೆ ಈ ಮೂರನ್ನೂ ಕೊಡಲು ಒಪ್ಪುವವರನ್ನು ಹುಡುಕುವುದೇ ನಿಮ್ಮ ಕೆಲಸ.

ಹೊಸಬರನ್ನು ಒಲ್ಲೆ ಎನ್ನುವ ಹಕ್ಕು ವೈದ್ಯರಿಗಿದೆ ಎಂಬುದನ್ನೂ ತಿಳಿದಿರಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನೀತಿ ನಿಯಮಗಳ ಪ್ರಕಾರ, ಬಂದವರೆಲ್ಲರಿಗೂ ಚಿಕಿತ್ಸೆ ನೀಡಲೇಬೇಕೆಂಬ ಕಟ್ಟುಪಾಡು ವೈದ್ಯರಿಗಿಲ್ಲ. ತುರ್ತು ಸ್ಥಿತಿ ಮಾತ್ರ ಇದಕ್ಕೆ ಹೊರತು. ಜೀವಾಪಾಯದಲ್ಲಿರುವವರಿಗೆ ಪ್ರಥಮ ನೆರವು ನೀಡುವುದು ಸರಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ಹೇಳಿದೆ. ಅದೇ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ಒಮ್ಮೆ ಚಿಕಿತ್ಸೆ ಕೈಗೆತ್ತಿಕೊಂಡ ವೈದ್ಯರು ಮುಂಚಿತವಾಗಿ ತಿಳಿಸದೆ ನಡುವೆ ಕೈಬಿಡುವಂತಿಲ್ಲ.

ಮೊದಲ ಹೆಜ್ಜೆ: ಮನೆಗೆ ಬೇಕಾದದ್ದು ಏನು?

ಒಂದು ಹಾಳೆಯಲ್ಲಿ ಮನೆಯವರ ಹೆಸರು, ವಯಸ್ಸು, ಈಗಿರುವ ಕಾಯಿಲೆಗಳನ್ನು ಬರೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ರಾತ್ರಿ ಒಂಬತ್ತೂವರೆಯವರೆಗೆ ತೆರೆದಿರುವ ದವಾಖಾನೆ ಮುಖ್ಯವಾಗಬಹುದು, ಏಕೆಂದರೆ ಚರ್ಚ್‌ಗೇಟಿನಿಂದ ವಸಾಯಿ ತಲುಪುವಷ್ಟರಲ್ಲಿ ಎಂಟು ದಾಟಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರ ಮನೆಗೆ ನಡೆದು ಹೋಗುವ ದೂರ, ಲಿಫ್ಟ್ ಅಥವಾ ಮೆಟ್ಟಿಲಿಲ್ಲದ ಬಾಗಿಲು, ಮನೆಭೇಟಿ ಮುಖ್ಯ. ಹೋಟೆಲಿನ ಕೋಣೆಯಲ್ಲಿ ಉಳಿದುಕೊಂಡಿರುವ ಕೆಲಸಗಾರರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಸೌಲಭ್ಯ ಇದೆಯೇ ಎಂಬುದು ಮೊದಲ ಪ್ರಶ್ನೆ. ಅದರ ವಿವರ ಮುಂದೆ ಬರುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡವೋ ತುಳುವೋ ಬಲ್ಲ ಡಾಕ್ಟರು ಸಿಕ್ಕರೆ ಒಳ್ಳೆಯದೇ, ಮುಂಬಯಿಯಲ್ಲಿ ಅಂಥವರು ಕಡಿಮೆಯೇನಿಲ್ಲ. ಆದರೆ ಮರಾಠಿ ಅಥವಾ ಹಿಂದಿಯಲ್ಲಿ ಸಲೀಸಾಗಿ ಮಾತಾಡಬಲ್ಲವರು ಕೇವಲ ಭಾಷೆಗಾಗಿ ಎರಡು ಲೋಕಲ್ ಬದಲಿಸಿ ಹೋಗುವ ದೂರದ ವೈದ್ಯರನ್ನು ಆರಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕುಟುಂಬ ವೈದ್ಯರ ಪ್ರಯೋಜನವಿರುವುದೇ ಹತ್ತಿರದಲ್ಲಿರುವುದರಲ್ಲಿ. ಊರಿನಿಂದ ಬಂದ, ಕನ್ನಡ ಅಥವಾ ತುಳು ಬಿಟ್ಟು ಬೇರೆ ಬಾರದ ಹಿರಿಯರ ವಿಷಯ ಮಾತ್ರ ಬೇರೆ. ಮಗ ಅಥವಾ ಸೊಸೆಯ ಬಾಯಿಂದ ಹೇಳಿಸಬೇಕಾದಾಗ ಅವರು ಅರ್ಧ ವಿಷಯವನ್ನು ನುಂಗಿಕೊಳ್ಳುತ್ತಾರೆ. ಮೂತ್ರದ ತೊಂದರೆಯನ್ನೂ ಮುಟ್ಟು ನಿಂತ ನಂತರದ ರಕ್ತಸ್ರಾವವನ್ನೂ ಮಕ್ಕಳ ಮುಂದೆ ಹೇಳುವುದೇ ಇಲ್ಲ. ಅಂಥ ಮನೆಯವರು ಸ್ವಲ್ಪ ದೂರವಾದರೂ ಅವರ ಭಾಷೆಯವರನ್ನು ಹುಡುಕುವುದು ನ್ಯಾಯ.

ಎರಡನೆಯ ಹೆಜ್ಜೆ: ಯಾರನ್ನು ಕೇಳಬೇಕು?

ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳನ್ನು ನೋಡಿ ವೈದ್ಯರನ್ನು ಆರಿಸಬೇಡಿ. ಅಲ್ಲಿ ಹೊಗಳಿದವರು ಯಾರು, ಯಾವ ಕಾಯಿಲೆಗೆ ಹೋಗಿದ್ದರು ಎಂಬುದು ತಿಳಿಯುವುದಿಲ್ಲ. ದಶಕಗಳಿಂದ ಒಂದೇ ಗಲ್ಲಿಯಲ್ಲಿ ಕೂತಿರುವ ಒಳ್ಳೆಯ ವೈದ್ಯರ ಹೆಸರು ಅಲ್ಲಿ ಇರದೆಯೂ ಹೋಗಬಹುದು. ಸಮಯ, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅಲ್ಲಿಂದ ತೆಗೆದುಕೊಂಡರೆ ಸಾಕು.

ಎಲ್ಲರಿಗಿಂತ ಹೆಚ್ಚು ತಿಳಿದವರು ಬಡಾವಣೆಯ ಹಳೆಯ ಔಷಧದ ಅಂಗಡಿಯವರು. ಸುತ್ತಲಿನ ಎಲ್ಲ ವೈದ್ಯರ ಚೀಟಿಗಳೂ ದಿನವಿಡೀ ಅವರ ಕೈಯಲ್ಲಿ ಹಾದುಹೋಗುತ್ತವೆ. ಯಾರು ಎರಡು ಔಷಧದಲ್ಲಿ ಮುಗಿಸುತ್ತಾರೆ, ಯಾರು ಪ್ರತಿ ಜ್ವರಕ್ಕೂ ಮೊದಲ ದಿನವೇ ಆಂಟಿಬಯೋಟಿಕ್ ಬರೆಯುತ್ತಾರೆ, ಯಾರ ಅಕ್ಷರ ಓದಲು ಬರುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಆದರೆ ಅಂಗಡಿಯ ಒಳಗೇ ಅಥವಾ ಅಂಗಡಿಯವರದೇ ಜಾಗದಲ್ಲಿ ಕೂರುವ ವೈದ್ಯರ ಬಗ್ಗೆ ಅವರನ್ನೇ ಕೇಳಿ ಪ್ರಯೋಜನವಿಲ್ಲ. "ಒಳ್ಳೆಯ ಡಾಕ್ಟರು ಯಾರು?" ಎಂದು ಕೇಳುವ ಬದಲು "ನಿಮ್ಮ ಮನೆಯವರು ಯಾರ ಹತ್ತಿರ ಹೋಗುತ್ತಾರೆ?" ಎಂದು ಕೇಳಿ, ಉತ್ತರದಲ್ಲಿ ಮುಲಾಜು ಕಡಿಮೆಯಾಗುತ್ತದೆ.

ಎರಡನೆಯದಾಗಿ, ನಿಮ್ಮ ಸೊಸೈಟಿಯ ಹಿರಿಯರು. ಬೆಳಗ್ಗೆ ಕೆಳಗೆ ಕುಳಿತು ಪತ್ರಿಕೆ ಓದುವ ನಿವೃತ್ತರಲ್ಲಿ ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಇಬ್ಬರ ಬಾಯಲ್ಲಿ ಒಂದೇ ಹೆಸರು ಬಂದರೆ ಅದನ್ನು ಗುರುತು ಹಾಕಿಕೊಳ್ಳಿ. ಹಳೆಯ ಬಡಾವಣೆಯನ್ನು ಬಿಟ್ಟು ಬಂದವರಾದರೆ, ಅಲ್ಲಿನ ವೈದ್ಯರನ್ನೇ ಕೇಳುವುದು ಇನ್ನೂ ಒಳ್ಳೆಯದು: "ಡಾಕ್ಟ್ರೇ, ನಾವು ಕಾಂದಿವಲಿಗೆ ಹೋಗುತ್ತಿದ್ದೇವೆ, ಅಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇದ್ದಾರೆಯೇ?" ವೈದ್ಯರೊಬ್ಬರು ಇನ್ನೊಬ್ಬ ವೈದ್ಯರಿಗೆ ಫೋನ್ ಮಾಡಿ ಹೇಳಿದರೆ ಹೊಸಬರೆಂಬ ತಡೆ ತಾನಾಗಿ ಸರಿಯುತ್ತದೆ.

ಮುಂಬಯಿ ಕನ್ನಡಿಗರಿಗೆ ಮೂರನೆಯ ದಾರಿಯೂ ಇದೆ. ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಇವಲ್ಲದೆ ಉಪನಗರಗಳ ಚಿಕ್ಕ ದೊಡ್ಡ ಕನ್ನಡ ಸಂಘಗಳು ಮತ್ತು ಭಜನಾ ಮಂಡಳಿಗಳ ಒಡನಾಟದಲ್ಲಿ ವೈದ್ಯರೂ ಇರುತ್ತಾರೆ. ಸಂಘದವರು ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸಿದ ದಿನ ಹೋಗಿ, ಯಾರು ರೋಗಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ ಎಂದು ದೂರದಿಂದ ಗಮನಿಸಬಹುದು. ನಮ್ಮ ಊರಿನವರು, ನಮ್ಮ ಜಾತಿಯವರು ಎಂಬ ಒಂದೇ ಕಾರಣಕ್ಕೆ ಮಾತ್ರ ಯಾರನ್ನೂ ಆರಿಸಬೇಡಿ. ಮನಸ್ಸಿಗೆ ಬಾರದಿದ್ದಾಗ ಬಿಡುವುದು ಕಷ್ಟವಾಗುತ್ತದೆ.

ಹೀಗೆ ಮೂರು ಹೆಸರುಗಳ ಚಿಕ್ಕ ಪಟ್ಟಿ ಸಿದ್ಧವಾದರೆ ಸಾಕು.

ಮೂರನೆಯ ಹೆಜ್ಜೆ: ಪದವಿ ಮತ್ತು ನೋಂದಣಿ

ಈ ಹೆಜ್ಜೆಯನ್ನು ಸಂಕೋಚದಿಂದ ಬಿಟ್ಟುಬಿಡುವವರೇ ಹೆಚ್ಚು. ಫಲಕದ ಮೇಲೆ ‘ಡಾ.’ ಎಂದಿದ್ದ ಮಾತ್ರಕ್ಕೆ ಒಳಗಿರುವವರ ಓದು ಯಾವುದೆಂದು ತಿಳಿಯುವುದಿಲ್ಲ. ಮುಂಬಯಿಯ ಸಾಮಾನ್ಯ ದವಾಖಾನೆಗಳಲ್ಲಿ ಎಂಬಿಬಿಎಸ್ ಓದಿದವರು, ಅದರ ಮೇಲೆ ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಅಥವಾ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಮಾಡಿದವರು, ಆಯುರ್ವೇದದ ಬಿಎಎಂಎಸ್, ಹೋಮಿಯೋಪಥಿಯ ಬಿಎಚ್‌ಎಂಎಸ್, ಯುನಾನಿಯ ಬಿಯುಎಂಎಸ್ ಪದವೀಧರರು, ಎಲ್ಲರೂ ಇದ್ದಾರೆ. ಹೋಮಿಯೋಪಥಿ ವೈದ್ಯರು ಆಧುನಿಕ ಔಷಧ ವಿಜ್ಞಾನದಲ್ಲಿ ಒಂದು ವರ್ಷದ ಸಿಸಿಎಂಪಿ ಎಂಬ ಕೋರ್ಸ್ ಮುಗಿಸಿದರೆ ಅಲೋಪಥಿ ಔಷಧ ಬರೆಯಬಹುದೆಂದು ಮಹಾರಾಷ್ಟ್ರ ಸರಕಾರ 2014ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ಅಲೋಪಥಿ ವೈದ್ಯರ ಸಂಘಟನೆಗಳು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿವೆ. ಯಾರ ಬಳಿ ಹೋಗಬೇಕೆಂಬುದು ನಿಮ್ಮ ಆಯ್ಕೆ. ಆದರೆ ಅದು ತಿಳಿದು ಮಾಡಿದ ಆಯ್ಕೆಯಾಗಿರಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ ಇರುವವರ ಮನೆಗೆ ಎಂಬಿಬಿಎಸ್ ಅಥವಾ ಅದಕ್ಕಿಂತ ಹೆಚ್ಚು ಓದಿದವರೇ ಇರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪರಿಶೀಲಿಸುವುದು ಸುಲಭ. 2002ರ ನಿಯಮಗಳಂತೆ ಅಲೋಪಥಿ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿ ಕಾಣುವಂತೆ ಹಾಕಬೇಕು. ಔಷಧ ಚೀಟಿ, ಪ್ರಮಾಣಪತ್ರ, ರಸೀದಿಗಳ ಮೇಲೂ ಅದು ಇರಬೇಕು. ಆ ಸಂಖ್ಯೆಯನ್ನು ಅಥವಾ ಹೆಸರನ್ನು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ಜಾಲತಾಣದಲ್ಲಿ ಹಾಕಿ ನೋಡಿ. ಇಲ್ಲಿ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆದ್ದರಿಂದ ಹೆಸರು ಇರುವುದರ ಜೊತೆಗೆ ನವೀಕರಣ ಆಗಿದೆಯೇ ಎಂಬುದನ್ನೂ ಗಮನಿಸಿ. ಇತ್ತೀಚೆಗೆ ಕೌನ್ಸಿಲ್ ವೈದ್ಯರಿಗೆ ಕ್ಯೂಆರ್ ಕೋಡ್ ಕೊಡುವ ವ್ಯವಸ್ಥೆಯನ್ನೂ ಆರಂಭಿಸಿದೆ. ದವಾಖಾನೆಯ ಗೋಡೆಯ ಮೇಲಿದ್ದರೆ ಮೊಬೈಲಿನಲ್ಲೇ ವಿವರ ತೆರೆದುಕೊಳ್ಳುತ್ತದೆ. ಬೇರೆ ರಾಜ್ಯದಲ್ಲಿ ಓದಿದವರ ಹೆಸರನ್ನು ನ್ಯಾಷನಲ್ ಮೆಡಿಕಲ್ ಕಮಿಷನ್‌ನ ರಾಷ್ಟ್ರೀಯ ಪಟ್ಟಿಯಲ್ಲಿಯೂ ಹುಡುಕಬಹುದು. ಆಯುರ್ವೇದ ಮತ್ತು ಯುನಾನಿ ವೈದ್ಯರಿಗೂ ಹೋಮಿಯೋಪಥಿಯವರಿಗೂ ರಾಜ್ಯದಲ್ಲಿ ಪ್ರತ್ಯೇಕ ಪರಿಷತ್ತುಗಳಿವೆ, ಅವರ ಹೆಸರು ಮೆಡಿಕಲ್ ಕೌನ್ಸಿಲ್‌ನಲ್ಲಿ ಕಾಣದಿದ್ದರೆ ಅನುಮಾನಪಡುವ ಮೊದಲು ಅಲ್ಲಿ ನೋಡಿ. ಎಲ್ಲಿಯೂ ಹೆಸರಿಲ್ಲದಿದ್ದರೆ ಆ ದವಾಖಾನೆಯ ಮೆಟ್ಟಿಲು ಹತ್ತಬೇಡಿ.

ನಾಲ್ಕನೆಯ ಹೆಜ್ಜೆ: ದವಾಖಾನೆಯನ್ನು ನೋಡಿ ಬನ್ನಿ

ಸಂಜೆ ಎಂಟರ ಹೊತ್ತಿಗೆ, ಜನ ತುಂಬಿರುವಾಗ ಹೋಗಿ ಹದಿನೈದು ನಿಮಿಷ ನಿಂತರೆ ಬಹಳಷ್ಟು ತಿಳಿಯುತ್ತದೆ. ಒಳಗೆ ಹೋದವರು ಎಷ್ಟು ಹೊತ್ತಿಗೆ ಹೊರಬರುತ್ತಾರೆ? ಬಾಗಿಲು ಮುಚ್ಚಿರುತ್ತದೆಯೇ ಅಥವಾ ಒಬ್ಬರ ಕಾಯಿಲೆಯ ಮಾತು ಬೆಂಚಿನವರೆಗೆ ಕೇಳುತ್ತದೆಯೇ? ಹಳೆಯ ರೋಗಿಗಳ ಕಾರ್ಡು ಅಥವಾ ಫೈಲನ್ನು ಕಂಪೌಂಡರ್ ಹುಡುಕಿ ಮೇಜಿಗೆ ಇಡುತ್ತಾನೆಯೇ? ಬಂದವರಿಗೆಲ್ಲ ಇಂಜೆಕ್ಷನ್, ಸಲೈನ್ ಎನ್ನುವ ದವಾಖಾನೆ ನಿಮಗೆ ಬೇಡ. ಕಾರ್ಡುಗಳ ಕಪಾಟಿರುವುದು ಒಳ್ಳೆಯ ಲಕ್ಷಣ. ಆ ವೈದ್ಯರು ಕಳೆದ ಬಾರಿ ಏನಾಯಿತೆಂದು ನೋಡಿ ಮುಂದುವರಿಯುತ್ತಾರೆ.

ಕಂಪೌಂಡರ್ ಅಥವಾ ರಿಸೆಪ್ಷನಿಸ್ಟ್ ಬಿಡುವಾದಾಗ ಹತ್ತಿರ ಹೋಗಿ, "ಡಾಕ್ಟರ್ ನವೀನ್ ಪೇಶಂಟ್ ಘೇತಾತ್ ಕಾ?" (ಡಾಕ್ಟರು ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಾರೆಯೇ?) ಎಂದು ಮರಾಠಿಯಲ್ಲಿ ಕೇಳಿ. ಹೌದು ಎಂದರೆ, ಅಪಾಯಿಂಟ್‌ಮೆಂಟ್ ಬೇಕೇ ಅಥವಾ ಬಂದು ನಂಬರ್ ಹಾಕಬೇಕೇ, ಹೊಸಬರಿಗೆ ಯಾವ ಹೊತ್ತು ಅನುಕೂಲ, ಭಾನುವಾರ ಇರುತ್ತಾರೆಯೇ, ಶುಲ್ಕ ಎಷ್ಟು, ಅದರಲ್ಲಿ ಔಷಧವೂ ಸೇರಿದೆಯೇ ಎಂಬುದನ್ನು ಕೇಳಿಕೊಳ್ಳಿ. ಶುಲ್ಕವನ್ನು ದವಾಖಾನೆಯಲ್ಲಿ ತೋರಿಸಬೇಕೆಂದು ನಿಯಮವೇ ಇರುವುದರಿಂದ ಕೇಳಲು ಅಳುಕಬೇಕಾಗಿಲ್ಲ.

ಔಷಧದ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂಬಯಿಯ ಹಳೆಯ ಪದ್ಧತಿಯ ವೈದ್ಯರು ಎರಡು ಮೂರು ದಿನದ ಔಷಧವನ್ನು ತಾವೇ ಕೊಡುತ್ತಾರೆ. ಒಳಗಿನ ಕಿಟಕಿಯಿಂದ ಕಂಪೌಂಡರ್ ಒಂದೊಂದು ಹೊತ್ತಿನ ಮಾತ್ರೆಗಳನ್ನು ಚಿಕ್ಕ ಕಾಗದದಲ್ಲಿ ಮಡಚಿ, ಒಂದು ಬಿಳಿ, ಅರ್ಧ ಹಳದಿ, ಒಂದು ಗುಲಾಬಿ ಮಾತ್ರೆಯ ಆರು ಪುಡಿಕೆಗಳನ್ನು ಕೈಗಿಡುತ್ತಾನೆ. ಬಡವರಿಗೆ ಇದು ದೊಡ್ಡ ಉಪಕಾರ, ಏಕೆಂದರೆ ಪೂರ್ತಿ ಸ್ಟ್ರಿಪ್ ಕೊಳ್ಳಬೇಕಾಗುವುದಿಲ್ಲ. ಆದರೆ ಪುಡಿಕೆಯ ಮೇಲೆ ಹೆಸರಿರುವುದಿಲ್ಲ. ಮೈಮೇಲೆ ಗಂದೆ ಎದ್ದರೆ ಯಾವ ಮಾತ್ರೆಯಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿನವರು ಕೇಳುವ ಮೊದಲ ಪ್ರಶ್ನೆಗೆ ಉತ್ತರವಿರುವುದಿಲ್ಲ. ಆದ್ದರಿಂದ ಪುಡಿಕೆ ಕೊಡುವ ವೈದ್ಯರನ್ನು ಬಿಡಬೇಕಿಲ್ಲ, ಔಷಧಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ವಿನಯದಿಂದ ಕೇಳಿ. ಬರೆದುಕೊಡಲು ಒಪ್ಪದವರನ್ನು ಮಾತ್ರ ಪಟ್ಟಿಯಿಂದ ಹೊಡೆದು ಹಾಕಿ.

ಐದನೆಯ ಹೆಜ್ಜೆ: ಕಾಯಿಲೆಯಿಲ್ಲದ ದಿನದ ಮೊದಲ ಭೇಟಿ

ಮೊದಲ ಭೇಟಿಗೆ ಜ್ವರ, ಕೆಮ್ಮು ಏನೂ ಇಲ್ಲದ ದಿನ ಹೋಗಿ. ಶುಲ್ಕ ಕೊಟ್ಟು, ಸರದಿಯಲ್ಲೇ ಹೋಗಿ. ವಿಷಯವನ್ನು ನೇರವಾಗಿ ಹೇಳಿ: "ಡಾಕ್ಟ್ರೇ, ನಾವು ಈ ಬಿಲ್ಡಿಂಗಿಗೆ ಹೊಸದಾಗಿ ಬಂದಿದ್ದೇವೆ. ಮನೆಯಲ್ಲಿ ಐದು ಜನ. ಇನ್ನು ಮುಂದೆ ಎಲ್ಲರನ್ನೂ ನೀವೇ ನೋಡಿಕೊಳ್ಳಬೇಕೆಂದು ಕೇಳಲು ಬಂದಿದ್ದೇವೆ." ಹಿರಿಯರಿದ್ದರೆ ಅವರನ್ನು ಕರೆದುಕೊಂಡೇ ಹೋಗಿ.

ಒಬ್ಬೊಬ್ಬರಿಗೆ ಒಂದರಂತೆ ಒಂದು ಪುಟದ ಮಾಹಿತಿ ಹಾಳೆಯನ್ನು ಒಯ್ಯಿರಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಎಲ್ಲ ಆಸ್ಪತ್ರೆಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಹೆಸರು, ವಯಸ್ಸು, ರಕ್ತದ ಗುಂಪು, ಯಾವ ಕಾಯಿಲೆ ಯಾವ ವರ್ಷದಿಂದ, ಆದ ಶಸ್ತ್ರಚಿಕಿತ್ಸೆಗಳು, ಯಾವ ಔಷಧ ಒಗ್ಗುವುದಿಲ್ಲ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ತಂದೆತಾಯಿ, ಒಡಹುಟ್ಟಿದವರಲ್ಲಿ ಹೃದಯಾಘಾತ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇದ್ದದ್ದು, ಊರಿನಲ್ಲಿ ನೋಡುತ್ತಿದ್ದ ವೈದ್ಯರ ಹೆಸರು. ಊರಿನಿಂದ ಬಂದ ಹಿರಿಯರು ಕಷಾಯ, ಅರಿಷ್ಟ, ಪಕ್ಕದ ಮನೆಯವರು ಕೊಟ್ಟ ನೋವಿನ ಮಾತ್ರೆಗಳನ್ನು ಔಷಧವೆಂದು ಲೆಕ್ಕ ಹಿಡಿಯುವುದಿಲ್ಲ. ಅವನ್ನೂ ಬರೆಯಿರಿ, ಏಕೆಂದರೆ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೂ ರಕ್ತದೊತ್ತಡಕ್ಕೂ ತೊಂದರೆ ಕೊಡಬಲ್ಲವು. ಖಾಲಿಯಾದ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಹೆಸರು ತಪ್ಪುವ ಭಯವಿಲ್ಲ. ಇತ್ತೀಚಿನ ರಕ್ತ ಪರೀಕ್ಷೆ, ಇಸಿಜಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಕಾರ್ಡ್‌ಗಳ ಪ್ರತಿಗಳಿರಲಿ.

ವೈದ್ಯರು ರಕ್ತದೊತ್ತಡ, ತೂಕ ನೋಡಿ, ಹಾಳೆಯನ್ನು ಓದಿ, ತಮ್ಮ ಕಾರ್ಡಿನಲ್ಲಿ ಏನಾದರೂ ಬರೆದುಕೊಂಡರೆ ಒಳ್ಳೆಯ ಆರಂಭ. ಅನಂತರ ಕೇಳಬೇಕಾದದ್ದನ್ನು ಅಲ್ಲೇ ಕೇಳಿ. ದವಾಖಾನೆ ಮುಚ್ಚಿದ ಮೇಲೆ ಯಾವ ಸಂಖ್ಯೆಗೆ ಫೋನ್ ಮಾಡಬಹುದು, ಎಷ್ಟು ಹೊತ್ತಿನವರೆಗೆ? ವಾಟ್ಸಾಪ್‌ನಲ್ಲಿ ರಿಪೋರ್ಟ್ ಕಳುಹಿಸಿದರೆ ನೋಡುತ್ತೀರಾ? ನೀವು ಊರಿನಲ್ಲಿಲ್ಲದಾಗ ಯಾರ ಬಳಿ ಹೋಗಬೇಕು? ಆಸ್ಪತ್ರೆಗೆ ಸೇರಿಸಬೇಕಾದರೆ ಸಾಮಾನ್ಯವಾಗಿ ಎಲ್ಲಿಗೆ ಕಳುಹಿಸುತ್ತೀರಿ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ಮನೆಯ ಹತ್ತಿರ, ನಿಮ್ಮ ಮೆಡಿಕ್ಲೇಮ್ ನಡೆಯುವ ಕಡೆ, ನಿಮ್ಮ ಕೈಗೆಟಕುವ ಕಡೆ ಎಂದು ಎರಡು ಮೂರು ದಾರಿ ತೋರಿಸುವವರು ಒಳ್ಳೆಯವರು. ಒಂದೇ ನರ್ಸಿಂಗ್ ಹೋಮ್, ಒಂದೇ ಲ್ಯಾಬ್ ಎಂದು ಪಟ್ಟುಹಿಡಿಯುವವರ ಬಗ್ಗೆ ಎಚ್ಚರವಿರಲಿ. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು, ಮುಂಬಯಿಯವರು ಕಟ್ ಪ್ರಾಕ್ಟೀಸ್ ಎನ್ನುವುದನ್ನು, 2002ರ ನಿಯಮಗಳು ನಿಷೇಧಿಸಿವೆ.

ಮನೆಭೇಟಿ ಮತ್ತು ಮರಣದ ಪ್ರಮಾಣಪತ್ರ

ಇದು ಬಾಯಿಬಿಟ್ಟು ಮಾತಾಡಲು ಯಾರಿಗೂ ಇಷ್ಟವಿಲ್ಲದ ವಿಷಯ. ಆದರೆ ಎಂಬತ್ತು ದಾಟಿದವರಿರುವ ಮನೆಯವರು ಇದನ್ನು ಮುಂಚಿತವಾಗಿ ಯೋಚಿಸದಿದ್ದರೆ ದುಃಖದ ಮೇಲೆ ದುಃಖ ಬರುತ್ತದೆ.

ಮನೆಯಲ್ಲಿ ತೀರಿಕೊಂಡವರ ಮರಣ ನೋಂದಣಿಗೂ ಸ್ಮಶಾನದ ಅನುಮತಿಗೂ ಮರಣದ ಕಾರಣವನ್ನು ತಿಳಿಸುವ ವೈದ್ಯರ ಪ್ರಮಾಣಪತ್ರ ಬೇಕು. ಆಸ್ಪತ್ರೆಯ ಹೊರಗಿನ ಮರಣಕ್ಕೆ ಇರುವ ನಮೂನೆ 4ಎ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ, ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರು ಇದನ್ನು ಶುಲ್ಕವಿಲ್ಲದೆ ಕೊಡಬೇಕು. ಇಲ್ಲಿ ಗಮನಿಸಬೇಕಾದದ್ದು ‘ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ’ ಎಂಬ ಭಾಗವನ್ನು. ಒಂದು ವರ್ಷದಿಂದ ರೋಗಿಯನ್ನು ಕಂಡಿರದ ವೈದ್ಯರು, ಅಥವಾ ಬಾಗಿಲು ತಟ್ಟಿ ಕರೆತಂದ ಗುರುತಿಲ್ಲದ ವೈದ್ಯರು, ಸಹಿ ಹಾಕಲು ನಿರಾಕರಿಸಿದರೆ ಅವರನ್ನು ದೂರುವಂತಿಲ್ಲ. ತಾವು ಕಂಡಿಲ್ಲದ ಕಾಯಿಲೆಯನ್ನು ಮರಣದ ಕಾರಣವೆಂದು ಬರೆದರೆ ಅವರೇ ಸಿಕ್ಕಿಬೀಳುತ್ತಾರೆ. ಪ್ರಮಾಣಪತ್ರ ಸಿಗದಾಗ ಪೊಲೀಸರಿಗೆ ತಿಳಿಸಬೇಕಾಗಿ ಬಂದು, ಶವವನ್ನು ಆಸ್ಪತ್ರೆಗೆ ಒಯ್ಯುವುದು, ಮರಣೋತ್ತರ ಪರೀಕ್ಷೆ ಎಂದು ವಿಷಯ ಬೆಳೆಯಬಹುದು. ಊರಿನಿಂದ ನೆಂಟರು ಹೊರಟು ಬರುತ್ತಿರುವಾಗ ಮನೆಯವರು ಠಾಣೆಯಲ್ಲಿ ನಿಲ್ಲಬೇಕಾಗುತ್ತದೆ.

ಆದ್ದರಿಂದ ಹಾಸಿಗೆ ಹಿಡಿದ ಹಿರಿಯರನ್ನು ಕುಟುಂಬ ವೈದ್ಯರು ತಿಂಗಳಿಗೊಮ್ಮೆಯಾದರೂ ನೋಡುವಂತೆ ಏರ್ಪಾಡು ಮಾಡಿಕೊಳ್ಳಿ. ಮನೆಭೇಟಿಗೆ ಎಷ್ಟು ಶುಲ್ಕ, ಮಧ್ಯಾಹ್ನ ದವಾಖಾನೆ ಮುಚ್ಚಿರುವ ಹೊತ್ತಿನಲ್ಲಿ ಬರಬಲ್ಲರೇ ಎಂದು ಕೇಳಿ. ಬಂದ ಪ್ರತಿ ಸಲವೂ ಒಂದು ಹಾಳೆಯಲ್ಲಿ ದಿನಾಂಕ, ರಕ್ತದೊತ್ತಡ, ಔಷಧ ಬರೆಸಿ ಸಹಿ ಹಾಕಿಸಿಕೊಂಡು ಫೈಲಿಗೆ ಹಾಕಿ. ಊರಿನಲ್ಲಿ ಆರು ತಿಂಗಳು, ಮುಂಬಯಿಯಲ್ಲಿ ಆರು ತಿಂಗಳು ಇರುವ ಹಿರಿಯರ ವಿಷಯದಲ್ಲಿ, ಮುಂಬಯಿಗೆ ಬಂದ ಮೊದಲ ವಾರದಲ್ಲೇ ಇಲ್ಲಿನ ವೈದ್ಯರಿಗೆ ಒಮ್ಮೆ ತೋರಿಸಿ. "ಸಮಯ ಬಂದರೆ ನೀವು ಬರುತ್ತೀರಾ?" ಎಂದು ವೈದ್ಯರನ್ನು ಒಬ್ಬರೇ ಇರುವಾಗ ಕೇಳುವುದರಲ್ಲಿ ಅಪಶಕುನವೇನೂ ಇಲ್ಲ. ಅನುಭವಿಗಳಾದ ವೈದ್ಯರು ಆ ಪ್ರಶ್ನೆಯನ್ನು ತಪ್ಪು ತಿಳಿಯುವುದಿಲ್ಲ.

ಖಾಸಗಿ ದವಾಖಾನೆ ಕೈಗೆಟಕದಿದ್ದರೆ

ಹೋಟೆಲು, ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರು ಮೊದಲು ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ನೋಡಿ. 2017ರಲ್ಲಿ ನಿಗದಿಯಾದ ಮಿತಿಯಂತೆ ತಿಂಗಳಿಗೆ 21,000 ರೂಪಾಯಿಯವರೆಗಿನ ವೇತನದವರು ಇದರೊಳಗೆ ಬರುತ್ತಾರೆ. ಮುಂಬಯಿಯಲ್ಲಿ ಇಎಸ್‌ಐ ದವಾಖಾನೆಗಳ ಜೊತೆಗೆ ಪ್ಯಾನೆಲ್ ವೈದ್ಯರ ಪದ್ಧತಿಯೂ ಇದೆ: ಖಾಸಗಿಯಾಗಿ ದವಾಖಾನೆ ನಡೆಸುವ ವೈದ್ಯರೇ ವಿಮಾದಾರರನ್ನು ತಮ್ಮ ಹೆಸರಿಗೆ ಬರೆಸಿಕೊಂಡು ನೋಡುತ್ತಾರೆ. ಹೆಸರು ಬರೆಸಿಕೊಳ್ಳುವ ಕ್ರಮ ಇಲ್ಲಿ ಮಾತ್ರ ನಿಜವಾಗಿ ಉಂಟು. ಆದ್ದರಿಂದ ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ನಿಮ್ಮ ಬಡಾವಣೆಯ ದವಾಖಾನೆ ಅಥವಾ ಪ್ಯಾನೆಲ್ ವೈದ್ಯರು ಯಾರೆಂದು ಕೇಳಿ, ಮನೆಯವರ ಹೆಸರನ್ನೂ ಸೇರಿಸಿಕೊಳ್ಳಿ. ಕೇಂದ್ರ ಸರಕಾರದ ನೌಕರರು ಮತ್ತು ಪಿಂಚಣಿದಾರರಿಗೆ ಸಿಜಿಎಚ್‌ಎಸ್ ಎಂಬ ಆರೋಗ್ಯ ಯೋಜನೆಯ ಕೇಂದ್ರಗಳಿವೆ. ಮನೆ ಬದಲಾದಾಗ ಕಾರ್ಡನ್ನು ಹೊಸ ಬಡಾವಣೆಯ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬೇಕು.

ಉಳಿದವರಿಗೆ ಮಹಾನಗರಪಾಲಿಕೆಯ ದವಾಖಾನೆಗಳಿವೆ. 2022ರ ನವೆಂಬರಿನಲ್ಲಿ ಆರಂಭವಾದ ‘ಆಪ್ಲಾ ದವಾಖಾನಾ’ಗಳಲ್ಲಿ ತಪಾಸಣೆ, ಔಷಧ, ಅನೇಕ ರಕ್ತ ಪರೀಕ್ಷೆಗಳು ಉಚಿತ, ಕೆಲಸ ಮುಗಿಸಿ ಬರುವವರಿಗಾಗಿ ಸಂಜೆಯ ಪಾಳಿಯೂ ಇದೆ. ಪ್ರತಿ ಸಲವೂ ಒಬ್ಬರೇ ವೈದ್ಯರು ಸಿಗುವ ಖಾತರಿ ಅಲ್ಲಿರುವುದಿಲ್ಲವಾದ್ದರಿಂದ ನಿಮ್ಮ ಮಾಹಿತಿ ಹಾಳೆ ಮತ್ತು ಫೈಲು ಅಲ್ಲಿ ಇನ್ನಷ್ಟು ಮುಖ್ಯ. ಆಯುಷ್ಮಾನ್ ಕಾರ್ಡ್ ಇದ್ದರೆ ಎಲ್ಲವೂ ಉಚಿತವೆಂದು ತಿಳಿದವರಿದ್ದಾರೆ. 70 ವರ್ಷ ದಾಟಿದ ಎಲ್ಲರಿಗೂ 2024ರಿಂದ ಸಿಗುತ್ತಿರುವ 5 ಲಕ್ಷ ರೂಪಾಯಿಯ ಆ ಸೌಲಭ್ಯ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ, ದವಾಖಾನೆಯ ಶುಲ್ಕಕ್ಕಲ್ಲ.

ಒಲ್ಲೆ ಎಂದರೆ, ತಡವಾದರೆ

ಮೊದಲ ಹೆಸರಿನವರು ಹೊಸ ಮನೆಭೇಟಿಗಳನ್ನು ಒಪ್ಪಿಕೊಳ್ಳುತ್ತಿಲ್ಲ ಎಂದರೆ ಬೇಸರಪಡದೆ, ಅವರನ್ನೇ ಇನ್ನೊಬ್ಬರ ಹೆಸರು ಕೇಳಿ. ವಯಸ್ಸಾದ ವೈದ್ಯರ ದವಾಖಾನೆಯಲ್ಲಿ ಕಿರಿಯ ವೈದ್ಯರೊಬ್ಬರು ಜೊತೆಗೆ ಕೂರುತ್ತಿದ್ದರೆ ಅವರ ಬಳಿಯೇ ಆರಂಭಿಸುವುದು ಜಾಣತನ; ಅವರಿಗೆ ಸಮಯವಿದೆ, ಹಿರಿಯರ ಸಲಹೆ ಪಕ್ಕದಲ್ಲೇ ಇದೆ, ನಿಮ್ಮ ಮಕ್ಕಳು ದೊಡ್ಡವರಾಗುವವರೆಗೂ ಅವರು ಇರುತ್ತಾರೆ.

ಯಾರೂ ಗೊತ್ತಾಗುವ ಮೊದಲೇ ಕಾಯಿಲೆ ಬಂದರೆ ಮೊಬೈಲಿನ ಮೂಲಕ ವೈದ್ಯರನ್ನು ಕಾಣಬಹುದು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಇದಕ್ಕೆ ಅವಕಾಶ ಕೊಟ್ಟಿದೆ. ಹಳೆಯ ರಿಪೋರ್ಟ್ ತೋರಿಸಲು, ನಡೆಯುತ್ತಿರುವ ಔಷಧ ಮುಂದುವರಿಸಲು ಅದು ಸರಿ. ಹೊಟ್ಟೆ ಮುಟ್ಟಿ ನೋಡಬೇಕಾದ ನೋವಿಗೆ, ಎದೆಗೆ ಸ್ಟೆತಸ್ಕೋಪ್ ಇಡಬೇಕಾದ ಕೆಮ್ಮಿಗೆ, ಚಿಕ್ಕ ಮಕ್ಕಳ ಜ್ವರಕ್ಕೆ ಅದನ್ನು ನಂಬಿ ಕೂರಬೇಡಿ. ಮಳೆಯಲ್ಲಿ ನಿಂತ ನೀರಿನಲ್ಲಿ ನಡೆದು ಬಂದವರು, ಅದರಲ್ಲೂ ಕಾಲಿಗೆ ಗಾಯವಿದ್ದವರು, ಜ್ವರ ಬರುವವರೆಗೆ ಕಾಯದೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ಇಲಿ ಜ್ವರವನ್ನು ತಡೆಯುವ ಔಷಧ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. 2005ರ ಜುಲೈ 26ರ ಮಹಾಮಳೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದ ನಂತರದ ವಾರಗಳಲ್ಲಿ ಈ ಜ್ವರ ನಗರದಲ್ಲಿ ಹರಡಿತ್ತು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಇವುಗಳಿಗೆ ಕುಟುಂಬ ವೈದ್ಯರಿಗಾಗಿಯೂ ಕಾಯಬೇಡಿ, 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಎದೆ ಹಿಡಿದಂತಾದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿದು ಮಲಗುವ ಹಿರಿಯರು ನಮ್ಮ ಮನೆಗಳಲ್ಲಿ ಬಹಳ. ಅವರ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬೇಡಿ.

ಗೊತ್ತಾದ ಮೇಲೆ

ಮೊದಲ ಆರು ತಿಂಗಳನ್ನು ಪರೀಕ್ಷೆಯ ಕಾಲವೆಂದು ತಿಳಿಯಿರಿ. ಸಣ್ಣ ಕಾಯಿಲೆಗಳಿಗೂ ಅವರ ಬಳಿಯೇ ಹೋಗಿ, ತಜ್ಞರನ್ನು ಕಂಡು ಬಂದಾಗ ಅವರು ಬರೆದದ್ದನ್ನು ತಂದು ತೋರಿಸಿ. ಒಂದು ಜ್ವರಕ್ಕೆ ಇವರು, ಇನ್ನೊಂದಕ್ಕೆ ಅವರು ಎಂದು ಅಲೆದರೆ ಯಾರ ಕಾರ್ಡಿನಲ್ಲೂ ನಿಮ್ಮ ಪೂರ್ಣ ವಿವರ ಇರುವುದಿಲ್ಲ. ಮೆಡಿಕ್ಲೇಮ್ ಹಕ್ಕು ಸಲ್ಲಿಸುವಾಗ ಈ ಕಾಯಿಲೆ ಯಾವಾಗಿನಿಂದ ಎಂಬುದಕ್ಕೆ ಕುಟುಂಬ ವೈದ್ಯರ ಪತ್ರವನ್ನು ವಿಮಾ ಕಂಪನಿಗಳು ಕೇಳುವುದುಂಟು, ಆಗ ಆ ಕಾರ್ಡೇ ಆಧಾರ. ಹೊತ್ತಲ್ಲದ ಹೊತ್ತಿನ ಫೋನನ್ನು ನಿಜವಾದ ಅಗತ್ಯಕ್ಕೆ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಕೇಳಿ ಪಡೆದ ಸಲಹೆಗೂ ಶುಲ್ಕ ಕೊಡಿ. ಬೇಡವೆಂದರೆ ಅದು ಅವರ ದೊಡ್ಡತನ.

ಅವರು ಪ್ರಶ್ನೆ ಕೇಳಿದರೆ ರೇಗುವವರಾಗಿದ್ದರೆ, ಮೂರು ಸಲ ಔಷಧ ಬದಲಿಸಿದರೂ ಗುಣವಾಗದ ಕಾಯಿಲೆಯನ್ನು ತಜ್ಞರಿಗೆ ತೋರಿಸಲು ಬಿಡದಿದ್ದರೆ, ಮುಲಾಜಿಲ್ಲದೆ ಬದಲಾಯಿಸಿ. ವೈದ್ಯರು ನಿವೃತ್ತರಾಗುವ ಸುದ್ದಿ ತಿಳಿದ ದಿನವೇ ಹೋಗಿ, ದವಾಖಾನೆಯನ್ನು ಯಾರು ವಹಿಸಿಕೊಳ್ಳುತ್ತಾರೆಂದು ಕೇಳಿಕೊಂಡು, ಮನೆಯವರೆಲ್ಲರ ದಾಖಲೆಗಳ ಪ್ರತಿಗೆ ಲಿಖಿತವಾಗಿ ಕೋರಿ. 2002ರ ನಿಯಮಗಳು ದಾಖಲೆಗಳನ್ನು 3 ವರ್ಷ ಇಟ್ಟುಕೊಳ್ಳಲು ಹೇಳುವುದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದವರ ವಿಷಯದಲ್ಲಿ. ಅಂಥ ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ದವಾಖಾನೆಯ ಹಳೆಯ ಕಾರ್ಡುಗಳು ಕಪಾಟು ಖಾಲಿಯಾದ ದಿನ ರದ್ದಿಗೆ ಹೋಗಬಹುದು. ಆದ್ದರಿಂದ ಬೀಗ ಬೀಳುವ ಮೊದಲೇ ಅವನ್ನು ಕೇಳಿ ಪಡೆದು, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು, ಮೂಲ ಕಾರ್ಡುಗಳನ್ನು ಹೊಸ ವೈದ್ಯರ ಮೊದಲ ಭೇಟಿಗೆ ಒಯ್ಯಿರಿ.